ಮೂರು ತಿಂಗಳ ಶಿಕ್ಷಾ

ನಡೆದದ್ದು ಇಷ್ಟೇ. ನನಗೆ ಕ್ಷಯ ಆಗಿತ್ತು, ಅದಕ್ಕೂ ಮೊದಲು ಜೇಲು ಆಗಿತ್ತು, ಜನ ಎರಡನ್ನೂ ಒಂದೇ ರೋಗ ಅಂತ ತಿಳಿದರು. ಕ್ಷಯಕ್ಕೆ ಸೂಜಿ ಇತ್ತು. ಇನ್ನೊಂದಕ್ಕೆ ಇರಲಿಲ್ಲ.

ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಯಾಕೆ ಬರೀತಿ ಅಂತ ಮೊಮ್ಮಗಳು ಕೇಳಿದಳು. ನಮ್ಮ ಓಣಿಯ ಒಬ್ಬ ಸೊಸೆಗೆ ಅದೇ ರೋಗ ಬಂದಿದೆ. ಗುಳಿಗೆಗಳನ್ನು ಜೋಳದ ಡಬ್ಬಿಯೊಳಗೆ ಹುಗಿದಿಟ್ಟು, ಯಾರೂ ಇಲ್ಲದಾಗ ನುಂಗುತ್ತಾಳೆ. ಆಕೆ ಓದಲಿ ಅಂತ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಒತ್ತಕ್ಷರ ತಪ್ಪಿದ ಕಡೆ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಬೇಡ ಅಂದಿದ್ದೇನೆ.

ಮೊದಲು ಜೇಲಿನದನ್ನು ಹೇಳಿ ಮುಗಿಸುತ್ತೇನೆ. ನಮ್ಮಪ್ಪ ಕಲಘಟಗಿ ಕಡೆಯಿಂದ ಬಂದು ಕುಂಬಾರವಾಡದ ಕಾಡಿನಲ್ಲಿ ಬಿದಿರು ಕಡಿಯುತ್ತಿದ್ದ. ಆ ಬಿದಿರು ದಾಂಡೇಲಿಯ ಕಾಗದದ ಗಿರಣಿಗೆ ಹೋಗುತ್ತಿತ್ತು. ಅದೇ ಗಿರಣಿಯಲ್ಲಿ ಬದಲಿ ಕೆಲಸಕ್ಕಿದ್ದವರಿಗೆ ನನ್ನನ್ನು ಕೊಟ್ಟಿದ್ದರು. ಮದುವೆಯಾಗಿ ಎರಡು ವರ್ಷಕ್ಕೆ ಅಪ್ಪನ ಕಾಲ ಮೇಲೆ ಬಿದಿರಿನ ಹೊರೆ ಉರುಳಿತು. ಅವನು ಮತ್ತೆ ಕಾಡಿಗೆ ಹೋಗಲಿಲ್ಲ. ತವರುಮನೆಯಲ್ಲಿ ದುಡಿದು ಒಲೆ ಹೊತ್ತಿಸಲು ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಆಗ ನಮ್ಮ ಕಡೆ ದಾರೂಬಂದಿ ಇತ್ತು, ಸೆರೆ ಮಾರುವಂತಿರಲಿಲ್ಲ. ಗೋವಾ ಇನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಅಲ್ಲಿಯ ಗೇರುಹಣ್ಣಿನ ಸೆರೆ ಫೆಣಿ ಕ್ಯಾಸಲ್‌ರಾಕ್ ಮಗ್ಗುಲಿನ ಕಾಡುಹಾದಿ ಹಿಡಿದು ಕುಂಬಾರವಾಡಕ್ಕೆ ಬರುತ್ತಿತ್ತು. ಅಲ್ಲಿಂದ ದಾಂಡೇಲಿಗೆ ತರುವುದು ನನ್ನ ಕೆಲಸ. ತವರಿಗೆ ಹೋಗಿ ಬರುತ್ತೇನೆ ಅಂತ ಅತ್ತೆಗೆ ಹೇಳುವುದು, ಬರುವಾಗ ಸೈಕಲ್ ಟ್ಯೂಬಿನಲ್ಲಿ ಫೆಣಿ ತುಂಬಿ, ತುದಿ ಬಿಗಿದು, ಹೊಟ್ಟೆಗೆ ಸುತ್ತಿಕೊಂಡು ಮೇಲೆ ಸೀರೆ ಉಡುವುದು. ನೋಡಿದವರಿಗೆ ಆರು ತಿಂಗಳ ಬಸುರಿ. ಬಸ್ಸಿನಲ್ಲಿ ಎದ್ದು ಜಾಗ ಕೊಡುತ್ತಿದ್ದರು.

ನಾಲ್ಕನೆಯ ಸಲ ಜೋಯಿಡಾ ದಾಟಿದ ಮೇಲೆ ರಸ್ತೆಯ ಗುಂಡಿಗೆ ಬಸ್ಸು ಕುಣಿದು ಟ್ಯೂಬಿನ ಗಂಟು ಸಡಿಲಾಯಿತು. ಫೆಣಿ ಕಾಲಗುಂಟ ಇಳಿಯತೊಡಗಿತು. ಮಗ್ಗುಲಿಗೆ ಕುಂತ ಒಬ್ಬ ಮುದುಕಿ ನೋಡಿ ಕೂಗಿದಳು: "ಗಾಡಿ ನಿಲ್ಲಸ್ರೋ, ಈ ಹೆಣಮಗಳ ನೀರು ಹೋತು."

ಬಸ್ಸು ನಿಂತಿತು. ಹೆಂಗಸರೆಲ್ಲ ಸೇರಿ ನನ್ನನ್ನು ಇಳಿಸಿ, ಗಿಡದ ಬುಡಕ್ಕೆ ಕೂಡಿಸಿ, ಸುತ್ತ ಸೆರಗು ಹಿಡಿದು ಮರೆ ಮಾಡಿದರು. ಒಬ್ಬಾಕೆ ಬೆನ್ನು ತಿಕ್ಕಿದಳು. ನನಗೆ ಆಗ ಆದ ನಾಚಿಕೆ ಕೋರ್ಟಿನಲ್ಲಿ ಆಗಲಿಲ್ಲ. ಅಷ್ಟರಲ್ಲಿ ವಾಸನೆ ಎದ್ದಿತು. ಸೆರಗುಗಳು ಒಂದೊಂದೇ ಇಳಿದವು. ಸೆರಗಿನ ಆಚೆ, ಹತ್ತಿರದ ತಪಾಸಣೆ ನಾಕಾದ ಪೊಲೀಸ ನಿಂತಿದ್ದ.

ಹಳಿಯಾಳದ ಕೋರ್ಟಿನಲ್ಲಿ ಮೂರು ತಿಂಗಳು ಶಿಕ್ಷಾ ಆಯಿತು. ಉಂಡೆ, ದುಡಿದೆ, ಬಂದೆ. ಬಿಡುಗಡೆಯ ದಿನ ನಮ್ಮ ಮನೆಯವರು ಜೇಲಿನ ಬಾಗಿಲಲ್ಲಿ ನಿಂತಿದ್ದರು. "ಹಸಿವಿ ಆಗೇತೇನು?" ಅಂದರು. ಬೇರೆ ಏನೂ ಕೇಳಲಿಲ್ಲ, ಆವತ್ತೂ, ಆಮೇಲೂ.

ಅತ್ತೆಯ ಮಾತು ಬೇರೆ. ನಾನು ಸಿಕ್ಕಿಬೀಳುವ ಮೊದಲು ಯಾರೋ ಆಕೆಗೆ ಹೇಳಿದ್ದರು, ನಿಮ್ಮ ಸೊಸಿ ಬಸುರಿ ಅದಾಳ, ಬಸ್ಸಿನ್ಯಾಗ ನೋಡೇವಿ ಅಂತ. ಸೊಸೆ ನಾಚಿ ಹೇಳಿಲ್ಲ ಅಂದುಕೊಂಡು ಆಕೆ ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಅಂಟು, ಕೊಬ್ಬರಿ, ಉತ್ತತ್ತಿ ತಂದು ಅಟ್ಟದ ಮೇಲೆ ಇಟ್ಟಿದ್ದಳು. ಜೇಲಿಗೆ ಹೋದದ್ದನ್ನು ಅತ್ತೆ ಒಂದು ವರ್ಷದಲ್ಲಿ ಮರೆತಳು. ಆ ಹೊಟ್ಟೆಯನ್ನು ಮರೆಯಲಿಲ್ಲ. ಅಂಟು ಅಟ್ಟದ ಮೇಲೇ ಇತ್ತು.

ಮರುವರ್ಷದ ಮಳೆಗಾಲದಲ್ಲಿ ಕೆಮ್ಮು ಹತ್ತಿತು. ಎಲ್ಲರಿಗೂ ಹತ್ತುತ್ತದೆ ಅಂತ ಬಿಟ್ಟೆ. ಸಂಜೆಯಾದರೆ ಮೈ ಬಿಸಿ, ಬೆಳಗಾಗುವುದರೊಳಗೆ ಹಾಸಿಗೆ ತೊಯ್ದು ತಪ್ಪಡಿ. ಒಂದಿನ ಹಿತ್ತಲಲ್ಲಿ ಭಾಂಡೆ ತಿಕ್ಕುವಾಗ ಕೆಮ್ಮಿ ಉಗುಳಿದೆ. ಬೂದಿಯ ಮೇಲೆ ಕೆಂಪು ಬಿತ್ತು. ಇನ್ನೊಂದು ಹಿಡಿ ಬೂದಿ ತೆಗೆದು ಮುಚ್ಚಿದೆ. ಮುಚ್ಚುವುದು ನನಗೆ ರೂಢಿ ಇತ್ತಲ್ಲ. ಹದಿನೈದು ದಿನ ಹಾಗೇ ನಡೆಯಿತು. ಒಂದು ಮುಂಜಾನೆ ಅತ್ತೆ ಬೂದಿ ಒಯ್ಯಲು ಬಂದು, ಬೂದಿ ಕೆದರಿ ನೋಡಿ, ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು.

"ಏಳು," ಅಂದಳು. "ದವಾಖಾನಿಗೆ ಹೋಗೂಣು."

ಬಂಗೂರನಗರದ ಆಚೆ ಹೆಂಚಿನ ಮಾಡಿನ ಒಂದು ಸಣ್ಣ ದವಾಖಾನೆ ಇತ್ತು. ಈಗಿಲ್ಲ. ಅದರ ಪಡಸಾಲೆಯಲ್ಲಿ ಸಾಲಾಗಿ ಬೆಂಚು. ಅಂಗಳದ ತುದಿಯ ನೇರಳೆ ಗಿಡದ ಕೆಳಗೆ ಮಾತ್ರ ಒಂದು ಬೆಂಚು ಬೇರೆ ಇತ್ತು. ಅದು ಎದೆರೋಗದವರದು. ಅದರ ಮೇಲೆ ಕುಂತರೆ ಡಾಕ್ಟರು ಹೇಳುವ ಮೊದಲೇ ಊರಿಗೆ ಗೊತ್ತಾಗುತ್ತಿತ್ತು. ಎದೆಯ ಫೋಟೋ ತೆಗೆಸಲು ಹುಬ್ಬಳ್ಳಿಗೆ ಹೋಗಿ ಬಂದೆವು. ಫೋಟೋ ಅಂದರೆ ಎಕ್ಸರೇ. ಆ ದವಾಖಾನೆಯ ನರ್ಸಬಾಯಿ ರೋಜಿ ಅಂತ, ಹೊನ್ನಾವರ ಕಡೆಯವಳು. ಮೈಕಟ್ಟು ಸಣ್ಣದು, ದನಿ ದೊಡ್ಡದು. ನಮ್ಮ ಹಾಗೇ ಮಾತಾಡಲು ಕಲಿತಿದ್ದಳು, ಸಿಟ್ಟು ಬಂದರೆ ಮಾತ್ರ ಕೊಂಕಣಿ. ಆಕೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಅತ್ತೆಗೆ ತೋರಿಸಿದಳು.

"ಇಲ್ಲಿ ನೋಡ್ರಿ ಅವ್ವಾ, ಈ ಬೆಳ್ಳಗಿನದು. ಅಲ್ಲಿ ರೋಗ ಕುಂತೈತಿ."

ಅತ್ತೆ ಬಹಳ ಹೊತ್ತು ನೋಡಿದಳು. "ಬಾಯಾರ, ಇದರಾಗ ಜೇಲೂ ಕಾಣತೈತೇನು?"

"ಇಲ್ರಿ. ಎದಿ ಒಳಗಿಂದು ಅಷ್ಟ."

"ಪುಣ್ಯ," ಅಂದಳು ಅತ್ತೆ.

ಸೂಜಿಯ ಮೊದಲನೇ ದಿನ ನಾನು ನೇರಳೆ ಗಿಡದ ಬೆಂಚಿಗೆ, ಅತ್ತೆ ಪಡಸಾಲೆಯ ಬೆಂಚಿಗೆ. ನಡುವೆ ಅಂಗಳ. ಪಡಸಾಲೆಯ ಹೆಂಗಸೊಬ್ಬಳು ಆಕೆಯನ್ನು ಕೇಳಿದ್ದು ನನಗೆ ಕೇಳಿಸಿತು: "ಅಲ್ಲಿ ಕುಂತಾಕಿ ಆ ದಾರೂ ಕೇಸಿನಾಕಿ ಅಲ್ಲನ್ರಿ? ಜೇಲಿನಿಂದ ತಂದಿರಬೇಕು ರೋಗ." ಅತ್ತೆ ಎದ್ದು, ನನ್ನ ಉಗುಳುವ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು, ಅಂಗಳ ದಾಟಿ ಬಂದು ನನ್ನ ಮಗ್ಗುಲಿಗೆ ಕುಂತಳು. "ಅಲ್ಲಿ ಬಿಸಲು," ಅಂದಳು. ಪಡಸಾಲೆಯಲ್ಲಿ ಬಿಸಿಲೇ ಇರಲಿಲ್ಲ.

ನಿತ್ಯ ಒಂದರಂತೆ ತೊಂಬತ್ತು ಸೂಜಿ. ಮೊದಲ ತಿಂಗಳು ಅಲ್ಲೇ ಹಿಂದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಆಮೇಲೆ ದಿನಾ ನಡೆದು ಹೋಗುತ್ತಿದ್ದೆ. ತತ್ತಿ ತಿನ್ನಬೇಕು ಅಂದರು ಡಾಕ್ಟರು. ನಮ್ಮ ಮನೆಯಲ್ಲಿ ತತ್ತಿಯ ಹೆಸರೂ ತೆಗೆಯುವಂತಿರಲಿಲ್ಲ. ನಮ್ಮ ಮನೆಯವರು ಗಿರಣಿಯ ಚಾದ ಅಂಗಡಿಯಲ್ಲಿ ಎರಡು ತತ್ತಿ ಕುದಿಸಿಕೊಂಡು, ಬುತ್ತಿ ಡಬ್ಬಿಯಲ್ಲಿ ರೊಟ್ಟಿಯ ಕೆಳಗೆ ಇಟ್ಟು ದವಾಖಾನೆಗೆ ತರುತ್ತಿದ್ದರು. "ಈಗ ಕಳ್ಳಮಾಲು ತರೂ ಪಾಳಿ ನಿಮ್ಮದಾತು," ಅಂದೆ. ಅವರು ನಕ್ಕರು. ಜೇಲಿನ ಮಾತಿಗೆ ನಾವಿಬ್ಬರೂ ನಕ್ಕದ್ದು ಅದೇ ಮೊದಲು. ಒಂದಿನ ಅತ್ತೆ ಬಂದು ಸಿಪ್ಪೆ ನೋಡಿದಳು. "ದೂರ ಒಗಿ. ಮನಿಮಟಾ ತರಬ್ಯಾಡ್ರಿ," ಅಂದಳು.

ರೋಗಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಸೂಜಿ. ಈಗಿನ ಹಾಗೆ ಚುಚ್ಚಿ ಬಿಸಾಡುವ ಸೂಜಿ ಅಲ್ಲ. ಅವನ್ನೇ ಕುದಿಸಿ, ಅವನ್ನೇ ಎಲ್ಲರಿಗೂ. ಚುಚ್ಚಿ ಚುಚ್ಚಿ ತುದಿ ಮೊಂಡಾಗಿರುತ್ತಿತ್ತು. ಒಳಗೆ ಹೋಗುವಾಗ ತಿವಿಯುತ್ತಿತ್ತು, ಬರುವಾಗ ಕಿತ್ತುಕೊಂಡು ಬರುತ್ತಿತ್ತು. ಇಪ್ಪತ್ತನೆಯ ದಿನವೋ ಏನೋ, ತಡೆಯಲಾರದೆ ಹೇಳಿದೆ: "ಬಾಯಾರ, ನಮ್ಮಪ್ಪನ ಕೊಯ್ತಾದ ಬೆನ್ನು ಇದಕ್ಕಿಂತ ಹರಿತ ಇತ್ತು."

"ನನಗ ಎರಡ ಕೈ ಅದಾವ. ಅಷ್ಟು ಬಲ್ಲಾಕಿ ಇದ್ರ ನೀನ ಮಸಿ," ಅಂದು ರೋಜಿಬಾಯಿ ಮಸೆಯುವ ಒಂದು ಸಣ್ಣ ಎಣ್ಣೆಗಲ್ಲನ್ನು ನನ್ನ ಮುಂದೆ ಇಟ್ಟಳು. ಬೈಯುವುದಕ್ಕೆ ಅಂದದ್ದು. ನಾನು ಕಲ್ಲು ತೆಗೆದುಕೊಂಡೆ.

ಬಿದಿರು ಕಡಿಯುವ ಕೊಯ್ತಾ ಮಸೆಯುವುದನ್ನು ಅಪ್ಪ ನನಗೆ ಎಂಟು ವರ್ಷಕ್ಕೇ ಕಲಿಸಿದ್ದ. ಒತ್ತಬಾರದು, ಕಲ್ಲಿಗೆ ತಾನೇ ಕೆಲಸ ಮಾಡಲು ಬಿಡಬೇಕು, ಓರೆ ಬದಲಾಗಬಾರದು. ಸೂಜಿಯೂ ಅಷ್ಟೇ, ಸಣ್ಣ ಕೊಯ್ತಾ. ಮಸೆದ ಮೇಲೆ ಹತ್ತಿಯ ಮೇಲೆ ಎಳೆದು ನೋಡಬೇಕು ಅಂತ ರೋಜಿಬಾಯಿ ತೋರಿಸಿದಳು. ತುದಿಯಲ್ಲಿ ಕಾಣದಂಥ ಕೊಕ್ಕೆ ಉಳಿದಿದ್ದರೆ ಹತ್ತಿಯ ಎಳೆ ಹಿಡಿದುಕೊಳ್ಳುತ್ತದೆ. ಎಳೆ ಹಿಡಿಯದಿದ್ದರೆ ಆ ಸೂಜಿ ಮೈಗೂ ಸುಮ್ಮನೆ ಹೋಗುತ್ತದೆ. ನಾನು ಮಸೆದು ಕೊಟ್ಟವನ್ನು ಆಕೆ ಕುದಿಸಿ ಇಡುತ್ತಿದ್ದಳು.

ನಮ್ಮ ಬೆಂಚಿಗೆ ಮುಂಡಗೋಡ ಕಡೆಯ ಒಬ್ಬ ಅಜ್ಜ ಬರುತ್ತಿದ್ದ. ಮೈಯಲ್ಲಿ ಮಾಂಸವೇ ಇರಲಿಲ್ಲ, ಸೂಜಿ ಎಲುಬಿಗೇ ತಾಗುತ್ತಿತ್ತು. ಮಸೆದ ಸೂಜಿಯ ಮೊದಲ ದಿನ ಅವನು ಚುಚ್ಚಿಸಿಕೊಂಡು, ಇನ್ನೂ ಹಾಗೇ ಬೋರಲು ಮಲಗಿದ್ದ.

"ಏಳು ಅಜ್ಜಾ, ಆತು," ಅಂದಳು ರೋಜಿಬಾಯಿ.

"ಹಾಕಿದಿ? ಯಾವಾಗ?"

ಆವತ್ತಿನಿಂದ ದಿನಾ ಕೇಳುತ್ತಿದ್ದ, "ಇವತ್ತಿಂದು ಗಂಗವ್ವನ ಸೂಜಿಯೋ, ದವಾಖಾನಿ ಸೂಜಿಯೋ?" ಗಂಗವ್ವ ಅಂದರೆ ನಾನು. ಜೇಲಿನಿಂದ ಬಂದ ಮೇಲೆ ನನ್ನ ಹೆಸರನ್ನು ಯಾವುದಾದರೂ ಒಳ್ಳೆಯ ಸಾಮಾನಿಗೆ ಹಚ್ಚಿ ಹೇಳಿದವನು ಅವನೊಬ್ಬನೇ. ಅರವತ್ತು ಸೂಜಿ ಮುಗಿಸಲಿಲ್ಲ ಅಜ್ಜ. ವಾರ್ಡಿನಲ್ಲಿ ಜೀವ ಹೋಗುವ ಮುಂಜಾನೆ ನಾನು ಅವನ ತುಟಿಗೆ ಹಸಿ ಹತ್ತಿ ಹಚ್ಚುತ್ತ ಕುಂತಿದ್ದೆ. ರೋಜಿಬಾಯಿ ನನಗೆ ದೂರ ಸರಿ ಅನ್ನಲಿಲ್ಲ. ಆ ಕೆಲಸ ನನಗೆ ಬರುತ್ತದೆ, ನನಗೆ ಬೇಕು ಅಂತ ಅವತ್ತೇ ಅನಿಸಿತು. ಯಾರಿಗೂ ಹೇಳಲಿಲ್ಲ. ಜೇಲಿಗೆ ಹೋದಾಕೆ ನರ್ಸಬಾಯಿ ಆಗುತ್ತೇನೆ ಅಂದರೆ ನಗುವವರು ಕಡಿಮೆ ಇರಲಿಲ್ಲ.

ಅಜ್ಜ ಹೋದ ವಾರವೇ ಅತ್ತೆ ನೇರಳೆ ಬೆಂಚಿಗೆ ಒಂದು ಡಬ್ಬಿ ತಂದಳು. ಮುಚ್ಚಳ ತೆಗೆದರೆ ಅಂಟಿನ ಉಂಡಿ. ನಾನು ಆಕೆಯ ಮುಖ ನೋಡಿದೆ. ಆಕೆ ಗಿಡ ನೋಡುತ್ತಿದ್ದಳು.

"ಕೊಬ್ಬರಿ ಕಮಟಿತ್ತು, ಹೊಸಾದು ಹಾಕೇನಿ," ಅಂದಳು. "ಅಂಟು ಮಾತ್ರ ಹಳೇದ. ತಿನ್ನು. ಮೈಯಾಗ ಏನೂ ಉಳದಿಲ್ಲ."

ತಿಂದೆ. ಅಳಲಿಲ್ಲ, ಅತ್ತರೆ ಕೆಮ್ಮು ಬರುತ್ತಿತ್ತು.

ಸೂಜಿ ಮುಗಿದ ಮೇಲೆ ಗುಳಿಗೆ. ದೊಡ್ಡ ದೊಡ್ಡ ಬಿಳಿ ಗುಳಿಗೆ, ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಎಲ್ಲ ಸೇರಿ ಒಂದೂವರೆ ವರ್ಷ. ಒಂದಿನವೂ ತಪ್ಪಿಸಲಿಲ್ಲ. ಅತ್ತೆ ಅವನ್ನು ದೇವರ ಗೂಡಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ಇಟ್ಟಿದ್ದಳು. ಓಣಿಯ ಸೊಸೆ ಇದನ್ನು ಎರಡು ಸಲ ಓದಲಿ. ಕಡೆಯ ಫೋಟೋ ನೋಡಿ ರೋಜಿಬಾಯಿ ಹೇಳಿದಳು: "ರೋಗ ಹೋಗೇತಿ. ಗಾಯದ ಕಲಿ ಇರತೈತಿ, ಅದು ಹೋಗೂದಿಲ್ಲ. ಮುಂದ ಯಾರರ ನೋಡಿ ಹೆದರಿದ್ರ, ಹಳೇ ಕಲಿ ಅಂತ ಹೇಳು." ಆಮೇಲೆ ಅದೇ ದನಿಯಲ್ಲಿ, "ಇಲ್ಲೇ ಕೆಲಸಕ್ಕ ಬರ್ತೀಯೇನು? ಕಲಿಯಾಕ ಇಬ್ಬರು ಹೆಣಮಕ್ಕಳನ್ನ ತಗೋತಾರ. ಮದಲ ಕೈಕೆಳಗ, ಆಮೇಲೆ ಪರೀಕ್ಷಾ, ಆಮೇಲೆ ನನ್ನಂಗ."

"ನನ್ನ ಕೇಸು?"

"ಕೇಳಿದ್ರ ಖರೇ ಹೇಳು. ಕೇಳದಿದ್ರ ಬಾಯಿ ಮುಚ್ಚಿಕೊಂಡಿರು. ನಿನಗ ಎರಡೂ ಕಷ್ಟ, ನನಗ ಗೊತ್ತೈತಿ."

ಹೊಸದಾಗಿ ಬಂದ ದೊಡ್ಡ ಡಾಕ್ಟರು ಉತ್ತರದ ಕಡೆಯವರು. ಕನ್ನಡ ಬರುತ್ತಿರಲಿಲ್ಲ, ಹಿಂದಿ ಮಾತಾಡುತ್ತಿದ್ದರು. ಅವರೇ ಕರೆದು ಕೇಳಿ ಆರಿಸುವವರು. ರೋಜಿಬಾಯಿ ನಡುವೆ ನಿಂತು ಅರ್ಥ ಹೇಳುತ್ತೇನೆ ಅಂದಿದ್ದಳು. ಎಷ್ಟನೇ ಇಯತ್ತೆ ಅಂತ ಕೇಳುತ್ತಾರೆ, ನಾಲ್ಕು ಅನ್ನಬೇಕು ಅಂತ ಬಾಯಿಪಾಠ ಮಾಡಿಸಿದ್ದಳು. ಆ ದಿನ ಸರಿಯಾಗಿ ಅದೇ ಹೊತ್ತಿಗೆ ಯಾರಿಗೋ ಹೆರಿಗೆ ಬೇನೆ ಹತ್ತಿ ಆಕೆ ಓಡಿದಳು. ಖೋಲಿಯಲ್ಲಿ ನಾನು, ಡಾಕ್ಟರು, ಕಾಗದದ ಮುಂದೆ ಪೆನ್ನು ಹಿಡಿದ ಕಾರಕೂನರು. ಹಿಂದಿ ನನಗೆ ಸಂತೆಯಲ್ಲಿ ಬೇಕಾಗುವಷ್ಟು ಬರುತ್ತಿತ್ತು. ನಡೆಯುತ್ತದೆ ಅಂದುಕೊಂಡೆ.

ಡಾಕ್ಟರು ಕನ್ನಡಕದ ಮೇಲಿನಿಂದ ನೋಡಿ ಮೊದಲನೇ ಮಾತೇ ಕೇಳಿದರು: "ಶಿಕ್ಷಾ ಕಿತನೀ ಹುಈ?"

ಎಷ್ಟು ಶಿಕ್ಷಾ ಆಯಿತು ಅಂತ ನೇರ ಕೇಳಿಬಿಟ್ಟರಲ್ಲ. ಯಾರು ಹೇಳಿದರೋ. ಕೇಳಿದ ಮೇಲೆ ಖರೇ ಹೇಳಲೇಬೇಕು.

"ತೀನ್ ಮಹಿನಾ, ಸಾಹೇಬ," ಅಂದೆ.

ಅವರ ಹುಬ್ಬು ಮೇಲೆ ಹೋದವು. "ಬಸ್? ತೀನ್ ಮಹೀನೇ?"

ಕಡಿಮೆ ಆಯಿತು ಅನ್ನುತ್ತಾರಲ್ಲ ಇವರು, ಅಂದುಕೊಂಡೆ. "ಅಷ್ಟ ಕೊಟ್ರು ಸಾಹೇಬ."

"ಛೋಡ್ ಕ್ಯೋಂ ದೀ?" ಯಾಕೆ ಬಿಟ್ಟೆ ಅಂತ.

"ನಾ ಬಿಡಲಿಲ್ರಿ. ಅವರ ಬಿಟ್ರು. ಮುಗದಿತ್ತಲ್ಲ."

ಡಾಕ್ಟರು ಕನ್ನಡಕ ತೆಗೆದರು. "ಕೌನ್‌ಸಾ ಸ್ಕೂಲ್?"

ಸ್ಕೂಲ್ ಅನ್ನುವುದು ನನಗೆ ಗೊತ್ತಿತ್ತು. ಸಾಲಿಗೂ ಜೇಲಿಗೂ ಏನು ಸಂಬಂಧ ಅಂತ ಕಾರಕೂನರ ಕಡೆ ನೋಡಿದೆ. ಅವರ ಪೆನ್ನು ನಿಂತಿತ್ತು. ಮುಖದಲ್ಲಿ ಮೊದಲು ನಗು ಬಂತು, ಆಮೇಲೆ ಹೋಯಿತು.

"ಸಾಹೇಬರು ಕೇಳಿದ್ದು ಎಷ್ಟು ಕಲತಿ ಅಂತ," ಅಂದರು. "ಅವರ ಮಾತಿನ್ಯಾಗ ಶಿಕ್ಷಾ ಅಂದ್ರ ಕಲಿಯೂದು. ನೀ ಯಾವ ಶಿಕ್ಷಾ ಹೇಳಾಕತ್ತಿ?"

ಆಗ ಗೊತ್ತಾಯಿತು. ಕೇಳದೇ ಇದ್ದದ್ದನ್ನು ನಾನೇ ಬಾಯಿಬಿಟ್ಟು ಹೇಳಿದ್ದೆ. ಇನ್ನು ಮುಚ್ಚಲು ಬೂದಿ ಇರಲಿಲ್ಲ. "ಜೇಲಿಂದು," ಅಂದೆ. "ಫೆಣಿ ಸಾಗಿಸಿದ್ದೆ. ಹೇಳ್ರಿ ಅವರಿಗೆ."

ಕಾರಕೂನರು ಹೇಳಿದರು. ಹೇಳಿ, ನನಗೂ ತಿಳಿಯಲಿ ಅಂತ ಕನ್ನಡದಲ್ಲಿ ಸೇರಿಸಿದರು: "ಇಂಥಾಕಿನ್ನ ತಗೊಂಡ್ರ ನಾಳೆ ದವಾಖಾನಿ ಸ್ಪಿರಿಟ್ ಕಾಯೂರು ಯಾರು?"

"ನೀವ ಕಾಯ್ರಿ," ಅಂದೆ. "ಬಾಟಲಿ ಮುಟ್ಟಿದ್ರ ಹೊರಗ ಹಾಕ್ರಿ. ಮುಟ್ಟೂದರ ಮದಲ ಹಾಕಬ್ಯಾಡ್ರಿ."

ಡಾಕ್ಟರು ಅದರ ಅರ್ಥ ಕೇಳಲಿಲ್ಲ. ಮೇಜಿನ ಮೇಲೆ ನನ್ನ ಎದೆಯ ಫೋಟೋ ಇತ್ತು. ರೋಗ ಹೋಗಿದೆ ಅನ್ನುವುದಕ್ಕೆ ಅದನ್ನು ತರಬೇಕು ಅಂದಿದ್ದರು. ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಹೊರಗೆ ಹೆರಿಗೆ ಖೋಲಿಯಿಂದ ರೋಜಿಬಾಯಿಯ ಕೊಂಕಣಿ ಕೇಳಿಸುತ್ತಿತ್ತು. ನಾನು ಚೀಲದ ಹಿಡಿಕೆ ಹಿಡಿದುಕೊಂಡು, ಯಾವ ಬಾಗಿಲಿಂದ ಹೋದರೆ ಅತ್ತೆಗೆ ಕಾಣುವುದಿಲ್ಲ ಅಂತ ನೋಡುತ್ತಿದ್ದೆ. ಆಕೆ ನೇರಳೆ ಬೆಂಚಿನ ಮೇಲೆ ಕುಂತಿದ್ದಳು, ರೂಢಿಯಿಂದ.

"ಲಿಖೋ," ಅಂದರು ಡಾಕ್ಟರು. "ಪುರಾನಾ ದಾಗ್." ಹಳೇ ಕಲೆ, ಬರಿ ಅಂತ.

ಕಾರಕೂನರು ಕೇಳಿದರು, ಯಾವುದಕ್ಕೆ ಬರೆಯಲಿ, ಎದೆಗೋ ಜೇಲಿಗೋ ಅಂತ.

"ದೋನೋಂ," ಅಂದರು. ಎರಡಕ್ಕೂ. ಆಮೇಲೆ ನನ್ನ ಕಡೆ ತಿರುಗಿ ಮೂರು ಬೆರಳು ಎತ್ತಿದರು. "ತೀನ್ ಮಹೀನೇ."

"ಮತ್ತ ಯಾಕ್ರಿ? ನಾ ಏನೂ ಮಾಡಿಲ್ಲ."

ಕಾರಕೂನರು ಈ ಸಲ ನಕ್ಕೇಬಿಟ್ಟರು. "ಅವರ ಶಿಕ್ಷಾ ಬೇ, ನಿಂದಲ್ಲ. ಮೂರು ತಿಂಗಳ ಕಲಿಸಿ ನೋಡ್ತಾರಂತ. ಬರಲಿಲ್ಲಂದ್ರ ಮನೀಗೆ. ನಾಳೆ ಮುಂಜಾನೆ ಬಾ."

ರೋಜಿಬಾಯಿ ಕೈ ಒರೆಸಿಕೊಳ್ಳುತ್ತ ಬಂದು ಎಲ್ಲ ಕೇಳಿಕೊಂಡು, "ಕೇಳದಿದ್ರ ಬಾಯಿ ಮುಚ್ಚು ಅಂದಿದ್ದೆ," ಅಂದು ಗೋಡೆಗೆ ಆತು ನಿಂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಅಂಗಳ ದಾಟಿ ಬೆಂಚಿಗೆ ಹೋದೆ. ನಡೆದದ್ದನ್ನೆಲ್ಲ ಅತ್ತೆಗೆ ಹೇಳಿದೆ. ಮನೆಯ ಹಾದಿ ಅರ್ಧ ನಡೆದ ಮೇಲೆ ಕೇಳಿದಳು: "ಬಸುರೇರನ್ನೂ ನೋಡಬೇಕಾಗತೈತೇನು ಅಲ್ಲಿ?"

"ನೋಡಬೇಕಾಗತೈತಿ, ಅತ್ತಿ."

"ನೋಡು ಮತ್ತ. ಖರೇ ಹೊಟ್ಟಿ ಯಾವುದು, ಸುಳ್ಳು ಹೊಟ್ಟಿ ಯಾವುದು, ನಿನಗಿಂತ ಚಲೋ ಯಾರಿಗೆ ತಿಳಿತೈತಿ?" ಅಂದಳು. ಮುಂದೆ ಮುಂದೆ ನಡೆದಳು. ಬೆನ್ನು ಅಲುಗುತ್ತಿತ್ತು. ಆಕೆ ನಗುತ್ತಿದ್ದಳೋ ಅಳುತ್ತಿದ್ದಳೋ ನಾನು ಮುಂದೆ ಹೋಗಿ ನೋಡಲಿಲ್ಲ.

ಮರುದಿನ ಮುಂಜಾನೆ ಹೊತ್ತು ಏರುವ ಮೊದಲೇ ಹೋದೆ. ಅಂಗಳದಲ್ಲಿ ಯಾರೂ ಇರಲಿಲ್ಲ, ನೇರಳೆ ಬೆಂಚಿನ ಮೇಲೆ ಮಾತ್ರ ಒಬ್ಬ ಹೊಸ ಹೆಣ್ಣುಮಗಳು ಮೊಣಕಾಲಿಗೆ ಮುಖ ಕೊಟ್ಟು ಕುಂತಿದ್ದಳು, ಮಗ್ಗುಲಿಗೆ ಮುಚ್ಚಳದ ಉಗುಳುವ ಡಬ್ಬಿ. ಒಳಗೆ ಹೋಗಿ ಕೈ ತೊಳೆದು, ಎಣ್ಣೆಗಲ್ಲು ತೆಗೆದುಕೊಂಡು ಬಂದು ಆಕೆಯ ಮಗ್ಗುಲಿಗೇ ಕುಂತು ಸೂಜಿ ಮಸೆದೆ. ಒಂದೊಂದನ್ನೂ ಹತ್ತಿಯ ಮೇಲೆ ಎಳೆದು ನೋಡಿದೆ. ಏಳನೆಯದು ಎಳೆ ಹಿಡಿಯಿತು. ಅದನ್ನು ಮತ್ತೆ ಕಲ್ಲಿಗೆ ಹಚ್ಚಿದೆ.